ಭಯ ಇರುವುದು ಎಣ್ಣೆ ಬಟ್ಟಲಲ್ಲಿ

ಪ್ರೀತಿಯ ತಂಗಿ,

ತಮಿಳು ಸಿನಿಮಾದಲ್ಲಿ ಮುಪ್ಪಿನ ಬಗ್ಗೆ ನೀನು ಬರೆದ ಕರಡು ಓದಿದೆ. ವಿಷಯ ತುಂಬಾ ಚೆನ್ನಾಗಿದೆ, ಬಿಡಬೇಡ. ಆದರೆ ಗಾಥಿಕ್, ಅಂದರೆ ನಿಗೂಢ ಭಯದ ಕಥೆ, ಅಂದ ಕೂಡಲೇ ಪಾಳು ಬಂಗಲೆ, ಅಮಾವಾಸ್ಯೆ, ಗೂಬೆ ಅಂತ ಹುಡುಕಿಕೊಂಡು ಹೋಗಿದ್ದೀಯ. ಇಲ್ಲಿ ಅವು ಬೇಕಾಗಿಲ್ಲ.

ವಿರುದುನಗರ, ಮಧುರೈ, ತೇಣಿ ಕಡೆಯ ಕೆಲವು ಹಳ್ಳಿಗಳಲ್ಲಿ, ಹಾಸಿಗೆ ಹಿಡಿದ ಮುದುಕರಿಗೆ ಬೆಳಗಿನ ಜಾವ ಎಣ್ಣೆ ಹಚ್ಚಿ, ತಣ್ಣೀರು ಹೊಯ್ದು, ಆಮೇಲೆ ಎಳನೀರಿನ ಮೇಲೆ ಎಳನೀರು ಕುಡಿಸುವ ಪದ್ಧತಿ ಇದೆ. ಮೈ ತಣ್ಣಗಾಗಿ, ಜ್ವರ ಏರಿ, ಕಿಡ್ನಿ ಸೋತು ಜೀವ ಹೋಗುತ್ತದೆ. ಇದೇ ತಲೈಕೂತ್ತಲ್. ಕಾನೂನಿನ ಕಣ್ಣಿಗೆ ಕೊಲೆ, ಮನೆಯವರ ಬಾಯಲ್ಲಿ ಬಿಡುಗಡೆ. ದೀಪಾವಳಿಗೆ ನಾವೂ ಅಪ್ಪನ ತಲೆಗೆ ಎಣ್ಣೆ ಒತ್ತುತ್ತೇವೆ ಅಲ್ವಾ? ಆ ಉಪಚಾರವೇ ಕೊಲ್ಲುವ ದಾರಿಯಾಗುತ್ತದೆ ನೋಡು, ನಿನ್ನ ಲೇಖನ ಅಲ್ಲಿಂದ ಶುರುವಾಗಲಿ.

ಇದೇ ಪದ್ಧತಿಯ ಬಗ್ಗೆ ಇರುವ ಪ್ರಿಯಾ ಕೃಷ್ಣಸ್ವಾಮಿ ಅವರ ಸಿನಿಮಾ 'ಬಾರಂ' ಮತ್ತೆ ನೋಡು. ರಾತ್ರಿ ಕಾವಲುಗಾರ ಕರುಪ್ಪಸಾಮಿಯ ಸೊಂಟ ಮುರಿಯುತ್ತದೆ, ಆಪರೇಷನ್ ಮಾಡಿಸೋಣ ಅಂತ ಸೋದರಳಿಯಂದಿರು ಹೇಳಿದರೂ ಮಗ ಊರಿಗೆ ಕರೆದುಕೊಂಡು ಹೋಗುತ್ತಾನೆ. ಕ್ಯಾಮೆರಾ ಎಲ್ಲೂ ಹೆದರಿಸುವುದಿಲ್ಲ. ಹಗಲು ಬೆಳಕು, ಹಳ್ಳಿ ಮನೆ, ಅಷ್ಟೇ. ಅದಕ್ಕೇ ಹೊಟ್ಟೆಯಲ್ಲಿ ತಳಮಳ. ಮಧುಮಿತಾ ಅವರ 2019ರ 'ಕೆ.ಡಿ.'ಯಲ್ಲಿ ಕೋಮಾದಿಂದ ಎದ್ದ ಮುದುಕ ತನ್ನ ಸಾವಿನ ಏರ್ಪಾಟಿನ ಮಾತು ಕೇಳಿಸಿಕೊಂಡು ಮನೆ ಬಿಟ್ಟು ಓಡುತ್ತಾನೆ. ಆಮೇಲೆ ಒಬ್ಬ ಹುಡುಗನ ಜೊತೆ ತಿರುಗಾಟ, ಬಿರಿಯಾನಿ, ನಗು. ನೀನು ಇದನ್ನು 'ಹಗುರ ಸಿನಿಮಾ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಒಪ್ಪಿಗೆಯಿಲ್ಲ. ಸತ್ತವರ ಲೆಕ್ಕಕ್ಕೆ ಸೇರಿಹೋದವನು ಎದ್ದು ಊರೂರು ಅಲೆಯುವುದು ಹಳೇ ದೆವ್ವದ ಕಥೆಯೇ, ಇಲ್ಲಿ ಹೆದರುವವನು ಮಾತ್ರ ಅವನೇ.

ಮಗನನ್ನು ರಾಕ್ಷಸ ಮಾಡಬೇಡ. 2023ರ 'ತಲೈಕೂತ್ತಲ್' ಸಿನಿಮಾದಲ್ಲಿ ಸಮುದ್ರಕನಿಯ ಪಾತ್ರ ಅಪ್ಪನನ್ನು ಬಿಟ್ಟುಕೊಡುವುದಿಲ್ಲ. ಮುಗಿಸಿಬಿಡು ಅಂತ ಒತ್ತಾಯಿಸುವವರು ನೆಂಟರು. ಒಬ್ಬರನ್ನು ಬೈದು ಮುಗಿಸುವ ಹಾಗಿಲ್ಲ, ಕರ್ತವ್ಯ ಅನ್ನುವುದನ್ನು ಎರಡೂ ಕಡೆಯವರು ಹೇಳುತ್ತಾರೆ. ಕೂಲಿ ಬಿಟ್ಟು ಮನೆಯಲ್ಲಿ ಕೂತರೆ ಒಲೆ ಉರಿಯುವುದಿಲ್ಲ, ಹೋದರೆ ಮುದುಕನಿಗೆ ನೀರು ಕೊಡುವವರಿಲ್ಲ. ಈ ಇಕ್ಕಟ್ಟನ್ನು ನಿಧಾನವಾಗಿ ಬರಿ. 'ಭೀಕರ', 'ಕರಾಳ' ಅನ್ನುವ ಮಾತುಗಳನ್ನೆಲ್ಲ ಹೊಡೆದುಹಾಕು, ಬಟ್ಟಲು, ಚೊಂಬು, ಚಾಪೆ ಇಟ್ಟರೆ ಸಾಕು.

ಇನ್ನೊಂದು. ನಿನ್ನ ಕರಡಿನಲ್ಲಿ ಸೊಸೆ ಎಲ್ಲೂ ಇಲ್ಲ. ಮಲಮೂತ್ರ ಬಳಿಯುವ ಕೆಲಸ ಸಾಮಾನ್ಯವಾಗಿ ಅವಳ ಪಾಲಿಗೇ ಬರುವುದು. ಅವಳಿಗೆ ಎರಡು ಪುಟವಾದರೂ ಕೊಟ್ಟು ಮತ್ತೆ ಕಳಿಸು.