ಲೇಸಿನ ತುದಿಗೆ ಬೆಂಕಿ ಬೇಡ, ಸೂಜಿ ದಾರ ಸಾಕು

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಮಕ್ಕಳ ಶೂ ಲೇಸಿನ ತುದಿಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ತುದಿಗೆ ಸುತ್ತಿದ ಪ್ಲಾಸ್ಟಿಕ್ ಕಳಚಿತೆಂದರೆ ಹೆಣಿಗೆ ಸಡಿಲವಾಗಿ ಎಳೆಗಳೆಲ್ಲ ಕೆದರಿ ನಿಲ್ಲುತ್ತವೆ. ಆಮೇಲೆ ಅದನ್ನು ಶೂ ತೂತಿನಲ್ಲಿ ಪೋಣಿಸುವುದು ದೊಡ್ಡವರಿಗೂ ಕಷ್ಟ. ಮಕ್ಕಳು ಎಂಜಲು ಹಚ್ಚಿ ಹೊಸೆಯುತ್ತಾರೆ, ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾರೆ. ಆಗದಿದ್ದರೆ ಲೇಸನ್ನು ಶೂ ಒಳಗೆ ತುರುಕಿಕೊಂಡು ಓಡುತ್ತಾರೆ. ಪ್ರಾರ್ಥನೆಯ ಸಾಲಿನಲ್ಲಿ ‘ಲೇಸ್ ಯಾಕೆ ಕಟ್ಟಿಲ್ಲ?’ ಎಂದು ಬೈಸಿಕೊಂಡು ತಲೆ ತಗ್ಗಿಸಿ ನಿಂತ ಮಕ್ಕಳ ಕಾಲನ್ನು ಬಗ್ಗಿ ನೋಡಿದರೆ ತಿಳಿಯುತ್ತದೆ, ಬಹುಪಾಲು ಮಕ್ಕಳಲ್ಲಿ ಸೋಮಾರಿತನವಿಲ್ಲ, ಅವರ ಲೇಸಿಗೆ ತುದಿಯೇ ಇಲ್ಲ. ಪ್ರೌಢಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದ ನಾನು ಈ ಚಿಕ್ಕ ವಿಷಯಕ್ಕೆ ನಿಮ್ಮ ಪತ್ರಿಕೆಯಲ್ಲಿ ಜಾಗ ಕೇಳುತ್ತಿರುವುದು ಆ ಮಕ್ಕಳಿಗಾಗಿ.

ಎಲ್ಲರ ಮನೆಯಲ್ಲೂ ಇದಕ್ಕೆ ಒಂದೇ ಮದ್ದು. ಬೆಂಕಿಕಡ್ಡಿ ಗೀರಿ ತುದಿ ಸುಡುವುದು, ಬಿಸಿ ಆರುವ ಮೊದಲೇ ಬೆರಳಲ್ಲಿ ಹೊಸೆಯುವುದು. ದಯವಿಟ್ಟು ಹೀಗೆ ಮಾಡಬೇಡಿ, ಮಕ್ಕಳ ಕೈಯಲ್ಲಂತೂ ಮಾಡಿಸಲೇಬೇಡಿ. ಪಾಲಿಯೆಸ್ಟರ್ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಕರಗಿದ ಹನಿ ಬೆರಳಿಗೆ ತಾಗಿದರೆ ಕೊಡವಿದರೂ ಬೀಳುವುದಿಲ್ಲ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಇನ್ನು ಹತ್ತಿಯ ಲೇಸಾದರೆ ಕರಗುವ ಮಾತೇ ಇಲ್ಲ, ಉರಿದು ಬೂದಿಯಾಗುತ್ತದೆ. ತುದಿ ಗಟ್ಟಿಯಾಗಲಿ ಎಂದು ಸುಟ್ಟವರಿಗೆ ಸಿಗುವುದು ಇನ್ನೂ ಗಿಡ್ಡವಾದ, ಕರಕಲಾದ ಲೇಸು.

ಲೇಸು ಯಾವುದರದ್ದು ಎಂದು ತಿಳಿಯಬೇಕಿದ್ದರೆ ಹೊಲಿಗೆ ತರಗತಿಯಲ್ಲಿ ಬಟ್ಟೆ ಗುರುತಿಸಲು ಮಾಡುವ ಪರೀಕ್ಷೆಯೇ ಸಾಕು. ಕೆದರಿದ ತುದಿಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಬೂದಿ ಉಳಿದರೆ ಹತ್ತಿ. ಉರಿ ಹತ್ತಿರ ಬರುತ್ತಿದ್ದಂತೆ ಮುದುಡಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಎರಡೂ ಬೆರೆತ ಲೇಸುಗಳೂ ಇವೆ, ಅವು ಅರ್ಧ ಉರಿದು ಅರ್ಧ ಕರಗುತ್ತವೆ. ಕರಗುವ ಜಾತಿಯ ಲೇಸನ್ನು ಸುಡಲೇಬೇಕು ಎನ್ನುವವರು ಉರಿಗೆ ಹಿಡಿಯದೆ ಪಕ್ಕದಲ್ಲಿ ಹಿಡಿದು, ಮುದುಡಿದ ಕೂಡಲೇ ತೆಗೆದು, ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಬೇಕು. ಬೆರಳು ಅದರ ಹತ್ತಿರ ಹೋಗಬಾರದು.

ನಾನು ಮಕ್ಕಳಿಗೆ ಕಲಿಸುತ್ತಿದ್ದದ್ದು ದಾರ ಸುತ್ತುವುದನ್ನು. ಹತ್ತಿಗೂ ಸೈ, ಪಾಲಿಯೆಸ್ಟರಿಗೂ ಸೈ. ಬೆಂಕಿ ಬೇಡ, ಪೇಟೆಗೆ ಹೋಗಬೇಕಾಗಿಲ್ಲ. ಹಗ್ಗದ ತುದಿ ಬಿಚ್ಚದಂತೆ ಹಡಗಿನವರು ದಾರ ಸುತ್ತುವುದು ಇದೇ ರೀತಿ. ಸೀರೆಯ ಸೆರಗಿಗೆ ಕುಚ್ಚು ಕಟ್ಟಲು ಬರುವ ಹೆಣ್ಣುಮಕ್ಕಳ ಕೈಗೆ ಇದು ಒಮ್ಮೆ ನೋಡಿದರೆ ಬರುತ್ತದೆ.

ಮೊದಲು ಕೆದರಿದ ಭಾಗ ಎಲ್ಲಿಗೆ ಮುಗಿಯುತ್ತದೆ ನೋಡಿ, ಅದರ ಸ್ವಲ್ಪ ಹಿಂದೆ, ಹೆಣಿಗೆ ಇನ್ನೂ ಗಟ್ಟಿಯಿರುವ ಜಾಗಕ್ಕೆ ಸೆಲ್ಲೊಟೇಪನ್ನು ಬಿಗಿಯಾಗಿ ಎರಡು ಸುತ್ತು ಸುತ್ತಿ. ಆಮೇಲೆ ಟೇಪಿನ ಮೇಲೆಯೇ ಹರಿತವಾದ ಕತ್ತರಿಯಿಂದ ನೆಟ್ಟಗೆ ಕತ್ತರಿಸಿ. ಲೇಸು ಹೆಣೆದ ವಸ್ತು, ನೇಯ್ದದ್ದಲ್ಲ. ಬರಿದೇ ಕತ್ತರಿಸಿದರೆ ಕತ್ತರಿಸಿದಲ್ಲೇ ಮತ್ತೆ ಬಿಚ್ಚುತ್ತದೆ. ಟೇಪಿದ್ದರೆ ಬಿಚ್ಚುವುದಿಲ್ಲ, ಜೊತೆಗೆ ದಾರ ಸುತ್ತಲು ಒಳಗೊಂದು ಗಟ್ಟಿ ಆಧಾರವೂ ಆಯಿತು. ಚಪ್ಪಟೆ ಲೇಸಾದರೆ ಟೇಪು ಹಾಕುವ ಮೊದಲು ಉದ್ದಕ್ಕೆ ಮಡಚಿಕೊಳ್ಳಿ.

ದಾರ ಪಾಲಿಯೆಸ್ಟರಿನದ್ದಾಗಲಿ. ಹತ್ತಿ ದಾರ ನಮ್ಮ ಮಳೆಯಲ್ಲಿ ದಿನವೂ ನೆನೆದು ಒಣಗಿ ಬೇಗ ಲಡ್ಡಾಗುತ್ತದೆ. ಜೋಡಿ ಎಳೆ ಹಾಕಿದ ಮೇಲೆ ಒಂದು ಮೊಳ ಉಳಿಯುವಷ್ಟು ದಾರವನ್ನು ಸೂಜಿಗೆ ಪೋಣಿಸಿ, ಉಳಿದ ಮೇಣದಬತ್ತಿಯ ತುಂಡಿನ ಮೇಲೆ ಎರಡು ಮೂರು ಸಲ ಎಳೆಯಿರಿ. ಚಪ್ಪಲಿ ಹೊಲಿಯುವವರು ದಾರಕ್ಕೆ ಮೇಣ ತಿಕ್ಕುವುದನ್ನು ನೀವು ಕಂಡಿರಬಹುದು. ಮೇಣ ಹಚ್ಚಿದ ಸುತ್ತು ಜಾರುವುದಿಲ್ಲ, ನೀರೂ ಬೇಗ ಇಳಿಯುವುದಿಲ್ಲ. ತುದಿಯಿಂದ ಒಂದೂವರೆ ಸೆಂಟಿಮೀಟರ್ ಹಿಂದೆ ಲೇಸಿನ ನಡುವೆ ಒಂದು ಹೊಲಿಗೆ ಹಾಕಿ ಗಂಟನ್ನು ಒಳಗೆ ಎಳೆದುಕೊಳ್ಳಿ. ಅಲ್ಲಿಂದ ತುದಿಯ ಕಡೆಗೆ ಸುತ್ತುತ್ತ ಬನ್ನಿ. ಒಂದು ಸುತ್ತು ಇನ್ನೊಂದಕ್ಕೆ ತಾಗಿರಬೇಕು, ಮೇಲೆ ಹತ್ತಬಾರದು. ಹತ್ತಿದರೆ ದಪ್ಪವಾಗಿ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಸುತ್ತನ್ನೂ ಎಳೆದು ಬಿಗಿ ಮಾಡಿ. ಇಪ್ಪತ್ತು ಸುತ್ತಿನ ಆಸುಪಾಸಿನಲ್ಲಿ ತುದಿ ತಲುಪುತ್ತೀರಿ. ಅಲ್ಲಿ ಸೂಜಿಯನ್ನು ಆಚೆಯಿಂದೀಚೆಗೆ ಎರಡು ಸಲ ಚುಚ್ಚಿ ತೆಗೆದು, ಬುಡಕ್ಕೆ ಸೇರಿಸಿ ದಾರ ಕತ್ತರಿಸಿ. ಮನೆಯಲ್ಲಿ ಬಣ್ಣವಿಲ್ಲದ ಉಗುರು ಬಣ್ಣವಿದ್ದರೆ ಮೇಲೊಂದು ಕೋಟು ಬಳಿದು ಒಣಗಿಸಿ. ಇಲ್ಲದಿದ್ದರೂ ನಡೆಯುತ್ತದೆ.

ಎಂಟನೇ ತರಗತಿಯ ಹುಡುಗರು ಮೊದಲು ‘ಟೀಚರ್, ಹೊಲಿಗೆ ಹುಡುಗಿಯರ ಕೆಲಸ’ ಎಂದು ದೂರ ಕೂರುತ್ತಿದ್ದರು. ಲೇಸು ಕೈಗೆ ಕೊಟ್ಟ ಮೇಲೆ ಅವರಷ್ಟು ಬಿಗಿಯಾಗಿ ಸುತ್ತುವವರು ಬೇರೆ ಇರಲಿಲ್ಲ. ಕಬಡ್ಡಿ ಆಡುವವರಿಗೆ ಶೂ ಎಷ್ಟು ಮುಖ್ಯ ಎಂದು ಹೇಳಿಕೊಡಬೇಕಿಲ್ಲವಲ್ಲ.

ಅಂಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಶಾಲೆಯ ಕರಕುಶಲ ಕೆಲಸಕ್ಕೆ ಬಳಸುವ ಬಿಳಿ ಅಂಟು ಒಣಗಿದಾಗ ಚೆನ್ನಾಗಿ ಕಾಣುತ್ತದೆ, ನೀರಿನಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ತೀರ್ಥಹಳ್ಳಿಯ ಜುಲೈ ತಿಂಗಳಿಗೆ ಅದು ಒದಗುವುದಿಲ್ಲ. ಚಿಕ್ಕ ಟ್ಯೂಬಿನಲ್ಲಿ ಬರುವ, ಹಾಕಿದ ಕ್ಷಣಕ್ಕೇ ಅಂಟುವ ಸೂಪರ್ ಗ್ಲೂ ಅದಕ್ಕಿಂತ ಅಪಾಯ. ಅದು ಹತ್ತಿಗೆ ತಾಗಿದರೆ ರಾಸಾಯನಿಕ ಕ್ರಿಯೆ ವೇಗವಾಗಿ ನಡೆದು ಕಾವು ಏರುತ್ತದೆ, ಹೊಗೆಯೂ ಏಳಬಹುದು, ಕೈ ಸುಡಬಹುದು. ಹತ್ತಿಯ ಲೇಸನ್ನು ಬೆರಳಲ್ಲಿ ಹಿಡಿದು ಅದರ ಮೇಲೆ ಆ ಅಂಟು ಸುರಿಯುವುದನ್ನು ಯಾರೂ ಮಾಡಬಾರದು. ಮಕ್ಕಳಿರುವ ಮನೆಯಲ್ಲಿ ಈ ವಿಷಯ ಎಲ್ಲರಿಗೂ ಗೊತ್ತಿರಬೇಕು.

ಟೇಪು ಮಾತ್ರ ಸುತ್ತಿ ಬಿಟ್ಟರೆ ಒಣ ಊರುಗಳಲ್ಲಿ ಕೆಲವು ದಿನ ಬರುತ್ತದೆ, ಇಲ್ಲಿ ಬರುವುದಿಲ್ಲ. ಸೂಜಿ ಹಿಡಿಯಲು ಬೇಸರವಿರುವವರಿಗೆ ಇನ್ನೊಂದು ದಾರಿ ಎಲೆಕ್ಟ್ರಿಕ್ ಅಂಗಡಿಯ ಹೀಟ್ ಶ್ರಿಂಕ್ ಸ್ಲೀವ್, ವೈರ್ ಜೋಡಣೆಯ ಮೇಲೆ ಹಾಕಿ ಕಾಯಿಸುವ ಕೊಳವೆ. ಸಾಮಾನ್ಯವಾಗಿ ಸಿಗುವುದು ಕಾಯಿಸಿದಾಗ ಅರ್ಧ ಅಗಲಕ್ಕೆ ಕುಗ್ಗುತ್ತದೆ. ಲೇಸು ಸರಾಗವಾಗಿ ಹೊಕ್ಕುವ ಅಳತೆಯದನ್ನು ಎರಡು ಸೆಂಟಿಮೀಟರ್ ಕತ್ತರಿಸಿ, ತೊಡಿಸಿ, ಉರಿಗೆ ತಾಗಿಸದೆ ಸ್ವಲ್ಪ ದೂರದಿಂದ ಕಾವು ಕೊಟ್ಟರೆ ಲೇಸನ್ನು ಕಚ್ಚಿ ಹಿಡಿಯುತ್ತದೆ. ಲೇಸು ಕರಗಲು ಬೇಕಾದ ಕಾವಿಗಿಂತ ಎಷ್ಟೋ ಕಡಿಮೆ ಕಾವಿಗೇ ಇದು ಕುಗ್ಗುವುದರಿಂದ ಲೇಸಿಗೆ ಹಾನಿಯಿಲ್ಲ. ಅಚ್ಚುಕಟ್ಟಾದ ಕೆಲಸ, ಆದರೆ ದೊಡ್ಡವರೇ ಮಾಡಬೇಕು. ಕೊಳ್ಳುವ ಮೊದಲು ಶೂ ತೂತಿನಲ್ಲಿ ಕೊಳವೆ ತೂರುತ್ತದೆಯೇ ನೋಡಿಕೊಳ್ಳಿ.

‘ಹೋಗ್ಲಿ ಬಿಡಿ ಅಕ್ಕ, ಇಪ್ಪತ್ತು ಮೂವತ್ತು ರೂಪಾಯಿ ಕೊಟ್ರೆ ಹೊಸ ಲೇಸೇ ಸಿಗ್ತದೆ’ ಎನ್ನುವವರಿದ್ದಾರೆ. ಸಿಗುತ್ತದೆ, ಪೇಟೆಯಲ್ಲಿ. ನಮ್ಮ ಹಳ್ಳಿಗಳ ಗೂಡಂಗಡಿಯಲ್ಲಿ ಬೀಡಿ, ಬಿಸ್ಕತ್ತು, ಶಾಂಪೂ ಸ್ಯಾಶೆ ಸಿಗುತ್ತವೆ, ಕಪ್ಪು ಲೇಸು ಸಿಗುವುದಿಲ್ಲ. ಮಳೆಗಾಲದಲ್ಲಿ ಗದ್ದೆ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಒಂದು ಜೊತೆ ಲೇಸಿಗಾಗಿ ತಾಯಿ ಪೇಟೆಗೆ ಹೋಗುವುದಿಲ್ಲ, ಹೋಗಬೇಕೆಂದು ಕೇಳುವುದೂ ನ್ಯಾಯವಲ್ಲ.

ತುದಿ ಕಳಚಲು ದೊಡ್ಡ ಕಾರಣ ಲೇಸು ಬಿಚ್ಚಿ ಕಾಲಡಿಗೆ ಸಿಗುವುದು. ನಡೆಯುವಾಗ ಲೇಸು ತಾನಾಗಿಯೇ ಬಿಚ್ಚುವುದೇಕೆ ಎಂದು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ್ದರು. ಹೆಜ್ಜೆ ನೆಲಕ್ಕೆ ಬಡಿದಾಗಲೆಲ್ಲ ಗಂಟು ಸಡಿಲವಾಗುತ್ತದೆ, ಬೀಸಿದ ಕಾಲಿನ ಜೊತೆ ಜೋಲುವ ತುದಿಗಳು ಆ ಸಡಿಲ ಗಂಟನ್ನು ಎಳೆದು ಬಿಡಿಸುತ್ತವೆ ಎಂದು ಅವರು ಕಂಡುಕೊಂಡರು. ಗಂಟಿನ ಜಾತಿಯೂ ಮುಖ್ಯ. ಕಟ್ಟಿದ ಮೇಲೆ ಹೂವಿನ ಎರಡು ಕುಣಿಕೆಗಳು ಶೂಗೆ ಅಡ್ಡಲಾಗಿ ಮಲಗಿದರೆ ಗಂಟು ಸರಿಯಿದೆ. ಬೆರಳಿನ ಕಡೆಗೊಂದು, ಹಿಮ್ಮಡಿ ಕಡೆಗೊಂದು ತಿರುಗಿ ಉದ್ದಕ್ಕೆ ನಿಂತರೆ ಅದು ಬೇಗ ಬಿಚ್ಚುವ ಗಂಟು. ಹಾಗಾದರೆ ಕೆಳಗಿನ ಮೊದಲ ಗಂಟು ಹಾಕುವಾಗ ಬಲದ ಲೇಸನ್ನು ಎಡದ ಮೇಲೆ ತರುತ್ತಿದ್ದವರು ಎಡದ್ದನ್ನು ಬಲದ ಮೇಲೆ ತಂದರೆ ಸಾಕು, ಮಿಕ್ಕದ್ದೆಲ್ಲ ಮೊದಲಿನಂತೆಯೇ. ಇಷ್ಟು ಬದಲಾಯಿಸಿದ ಮಕ್ಕಳ ಲೇಸು ಸಂಜೆವರೆಗೆ ನಿಲ್ಲುವುದನ್ನು ನಾನೇ ಕಂಡಿದ್ದೇನೆ. ತುದಿ ಕತ್ತರಿಸಿ ಗಿಡ್ಡವಾದ ಲೇಸನ್ನು ಪೂರ್ತಿ ಬಿಚ್ಚಿ, ಎರಡೂ ಕಡೆ ಸಮ ಮಾಡಿ ಮತ್ತೆ ಪೋಣಿಸುವುದನ್ನೂ ಮರೆಯಬಾರದು.

ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ 1ರಿಂದ 10ನೇ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಬರುತ್ತದೆ. ಹಲವು ವರ್ಷ ಇದಕ್ಕೆ ಸರ್ಕಾರ ಕೊಟ್ಟ ದರ 5ನೇ ತರಗತಿವರೆಗೆ 265 ರೂಪಾಯಿ, 8ರವರೆಗೆ 295, 9 ಮತ್ತು 10ಕ್ಕೆ 325. ಈ ಹಣದಲ್ಲಿ ಶೂ ಆರಿಸಿ ಕೊಳ್ಳುವ ಹೊಣೆ ಹೆತ್ತವರೂ ಇರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯದು. ಸಮಿತಿಯ ತಾಯಂದಿರು, ತಂದೆಯರು ಮಾದರಿ ನೋಡುವಾಗ ಅಟ್ಟೆ ಬಗ್ಗಿಸಿ ನೋಡುತ್ತಾರೆ, ಹೊಲಿಗೆ ನೋಡುತ್ತಾರೆ. ಲೇಸಿನ ತುದಿಯನ್ನೂ ಉಗುರಿನಿಂದ ಕಿತ್ತು ನೋಡಲಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲೇ ಜಾರಿ ಬಂದರೆ ಅದು ಆಗಸ್ಟ್ ಕಾಣುವುದಿಲ್ಲ. ಅಂಗಡಿಯವರಲ್ಲಿ ಬೇರೆ ಲೇಸು ಹಾಕಿಕೊಡಿ ಎಂದು ಕೇಳುವುದು ಸಮಿತಿಯ ಹಕ್ಕು. 1 ಮತ್ತು 2ನೇ ತರಗತಿಯ ಪುಟ್ಟ ಮಕ್ಕಳಿಗೆ ಲೇಸಿನ ಬದಲು ಅಂಟುಪಟ್ಟಿಯ (ವೆಲ್ಕ್ರೊ) ಶೂ ತರುವುದು ಇನ್ನೂ ಒಳ್ಳೆಯದು.

ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ. ಶೂ ಹಂಚಿದ ವಾರವೇ, ಬ್ಯಾಗಿಲ್ಲದ ಸಂಭ್ರಮ ಶನಿವಾರದಂಥ ಒಂದು ಬೆಳಿಗ್ಗೆ 6ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಇದನ್ನು ಕಲಿಸಿ. ಅವರೇ ಚಿಕ್ಕವರ ಲೇಸಿಗೆ ಸುತ್ತಿಕೊಡುತ್ತಾರೆ. ಸಿಬ್ಬಂದಿ ಕೊಠಡಿಯ ಕಪಾಟಿನಲ್ಲಿ ಒಂದು ಡಬ್ಬಿಯಿರಲಿ, ಅದರಲ್ಲಿ ದಪ್ಪ ಸೂಜಿ, ಕಪ್ಪು ಪಾಲಿಯೆಸ್ಟರ್ ದಾರದ ಉಂಡೆ, ಮೇಣದಬತ್ತಿ ತುಂಡು, ಟೇಪು, ಕತ್ತರಿ. ಬೈಯುವ ಮೊದಲು ಮಗುವನ್ನು ಆ ಡಬ್ಬಿಯ ಹತ್ತಿರ ಕರೆಯಿರಿ. ತೀರ್ಥಹಳ್ಳಿ ಸುತ್ತಿನ ಯಾವ ಶಾಲೆಯವರು ಕರೆದರೂ ನಾನು ಬಂದು ಕಲಿಸಿಕೊಡುತ್ತೇನೆ, ಸೂಜಿ ದಾರ ನಾನೇ ತರುತ್ತೇನೆ.

ಇಂತಿ,
ನಿವೃತ್ತ ಹೊಲಿಗೆ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ