ನಂಬರ್ ಬೇರೆ, ಡೇಟಾ ಬೇರೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ವೀಸಾ, ಟಿಕೆಟ್ ಎಲ್ಲಾ ಆಯ್ತು ಅಂತ ನಿಮ್ಮಮ್ಮ ಹೇಳಿದಳು. ಫೋನಿನದ್ದೇನು ಕಥೆ ಅಂದರೆ, "ಅಲ್ಲಿಗೆ ಹೋಗಿ ನೋಡ್ಕೋತಾಳಂತೆ" ಅಂದಳು. ಅಲ್ಲಿ ನೋಡ್ಕೊಳ್ಳೋದಕ್ಕೂ ಇಂಟರ್ನೆಟ್ ಬೇಕಲ್ವಾ? ಅದಕ್ಕೇ ಈ ಪತ್ರ.

ಮುಖ್ಯವಾದದ್ದು ಮೊದಲು. ಈಗಿನ ಸಿಮ್ಮನ್ನು ತೆಗೆದು ಪರ್ಸಿಗೆ ಹಾಕಬೇಡ. ಬ್ಯಾಂಕಿನ ಒಟಿಪಿ ಬರೋದು ಅದಕ್ಕೇ. ಅದು ಫೋನಿನಲ್ಲೇ ಇರಲಿ, ಅದರ ಡೇಟಾ ರೋಮಿಂಗ್, ಅಂದರೆ ಬೇರೆ ಕಂಪನಿಯ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಬಳಸೋದು, ಮಾತ್ರ ಆಫ್ ಆಗಿರಲಿ. ಹೊರದೇಶದಲ್ಲಿ ಮೆಸೇಜ್ ಬರಬೇಕಾದರೆ ರೋಮಿಂಗ್ ಸೇವೆ ಮೊದಲೇ ಚಾಲೂ ಮಾಡಿಸಬೇಕಾ ಅಂತ ಕಂಪನಿಯವರನ್ನು ಕೇಳು. ಬಂದ ಕರೆ ಎತ್ತಿದರೂ ದುಡ್ಡು ಹೋಗಬಹುದು, ಹುಷಾರು. ವಾಟ್ಸಾಪ್ ಹಳೇ ನಂಬರಿನಲ್ಲೇ ನಡೆಯುತ್ತದೆ. ನಂಬರ್ ಬದಲಾಯಿಸಲಾ ಅಂತ ಕೇಳಿದರೆ ಬೇಡ ಅನ್ನು.

ಇನ್ನು ಡೇಟಾ. ಎರಡು ದಿನದ ಮಟ್ಟಿಗೆ ಹೋಗೋದಾದರೆ ನಿನ್ನ ಕಂಪನಿಯ ರೋಮಿಂಗ್ ಪ್ಯಾಕ್ ಸಾಕು, ತಲೆನೋವಿಲ್ಲ. ಅದಕ್ಕಿಂತ ಜಾಸ್ತಿ ದಿನ ಇದ್ದರೆ ನಾನು ಇ-ಸಿಮ್ ಅಂತೀನಿ, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಡಯಲ್ ಮಾಡುವ ಜಾಗದಲ್ಲಿ *#06# ಒತ್ತು. ಇಐಡಿ ಅಂತ 32 ಅಂಕಿಯ ನಂಬರ್ ಕಂಡರೆ ನಿನ್ನ ಫೋನಿಗೆ ಇ-ಸಿಮ್ ಹಿಡಿಯುತ್ತದೆ. ಫೋನ್ ಲಾಕ್ ಆಗಿರಬಾರದು, ಅಂದರೆ ಒಂದೇ ಕಂಪನಿಗೆ ಕಟ್ಟುಬಿದ್ದಿರಬಾರದು. ಇ-ಸಿಮ್ ಕೊಂಡಾಗ ಕೊಡುವ ಕ್ಯೂಆರ್ ಕೋಡನ್ನು ಮನೆಯ ವೈಫೈನಲ್ಲೇ ಸ್ಕ್ಯಾನ್ ಮಾಡಿಕೊಂಡು ಹೋಗು. ಆಮೇಲೆ ಇ-ಸಿಮ್ಮನ್ನು ಸುಮ್ನೆ ಡಿಲೀಟ್ ಮಾಡಬೇಡ. ಆ ಕೋಡ್ ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡೋದು. ಪ್ರವಾಸಿಗರ ಇ-ಸಿಮ್‌ಗಳಲ್ಲಿ ಎಷ್ಟೋ ಬರೀ ಡೇಟಾದವು, ಕರೆಯ ನಂಬರ್ ಇರೋದಿಲ್ಲ. "ಅನ್‌ಲಿಮಿಟೆಡ್" ಅಂತ ದೊಡ್ಡದಾಗಿ ಬರೆದಿದ್ದರೆ ಕೆಳಗಿನ ಸಣ್ಣಕ್ಷರವನ್ನೂ ಓದು. ದಿನಕ್ಕೆ ಇಷ್ಟು ಬಳಸಿದ ಮೇಲೆ ಸ್ಪೀಡ್ ಇಳಿಸುತ್ತೇವೆ ಅಂತ ಅಲ್ಲಿರುತ್ತದೆ.

ತಿಂಗಳುಗಟ್ಟಲೆ ಇರೋದಾದರೆ, ಇಲ್ಲಾ ಅಲ್ಲಿಯ ನಂಬರೇ ಬೇಕಾದರೆ, ಆ ದೇಶದ ಸಿಮ್ ತಗೋ. ಬಹಳಷ್ಟು ಕಡೆ ಪಾಸ್‌ಪೋರ್ಟ್ ತೋರಿಸಬೇಕು. ಪಾಕೆಟ್ ವೈಫೈ, ಅಂದರೆ ಹಲವರ ಫೋನಿಗೆ ಇಂಟರ್ನೆಟ್ ಹಂಚುವ ಪುಟ್ಟ ಡಬ್ಬಿ, ಗುಂಪಿನಲ್ಲಿ ಹೋಗುವವರಿಗೆ ಸರಿ. ಒಬ್ಬಳಿಗೆ ಅದೊಂದು ದಿನಾ ಚಾರ್ಜ್ ಮಾಡುವ ಹೆಚ್ಚಿನ ಹೊರೆ.

ದೇಶ ನೋಡಿಕೊಂಡೂ ಲೆಕ್ಕ ಬದಲಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್‌ನಿಂದ ಒಂದು ದೇಶದ ಸಿಮ್ ಉಳಿದ ದೇಶಗಳಲ್ಲೂ ಹೆಚ್ಚಿನ ರೋಮಿಂಗ್ ಶುಲ್ಕವಿಲ್ಲದೆ ನಡೆಯುತ್ತದೆ, ಮಿತಿಯೊಳಗೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಬ್ರಿಟನ್ ಹೊರಬಂದಿದೆ. ರೈಲು ಗಡಿ ದಾಟುವಾಗ ಯಾರೂ ಎಬ್ಬಿಸಿ ಹೇಳೋದಿಲ್ಲ, ಪ್ಯಾಕಿನಲ್ಲಿ ಯಾವ ದೇಶಗಳಿವೆ ಅಂತ ನೀನೇ ನೋಡಿಟ್ಟುಕೋ. ಚೀನಾದಲ್ಲಿ ಅಲ್ಲಿಯ ಸಿಮ್ಮಿನಲ್ಲಾಗಲಿ ಹೋಟೆಲಿನ ವೈಫೈನಲ್ಲಾಗಲಿ ಗೂಗಲ್, ವಾಟ್ಸಾಪ್ ನಡೆಯೋದಿಲ್ಲ. ಹೊರದೇಶದ ಸಿಮ್ ರೋಮಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ನಡೆಯುತ್ತವೆ, ಯಾಕಂದರೆ ಡೇಟಾ ಸಿಮ್ಮಿನ ತವರು ಕಂಪನಿಯ ಮೂಲಕ ಸುತ್ತಿಬರುತ್ತದೆ. ಹಡಗು, ವಿಮಾನದಲ್ಲಿ ಏರೋಪ್ಲೇನ್ ಮೋಡ್ ಹಾಕಿಬಿಡು. ಅಲ್ಲಿಯ ಉಪಗ್ರಹದ ನೆಟ್‌ವರ್ಕ್ ಮಾಮೂಲಿ ಪ್ಯಾಕಿನಲ್ಲಿ ಬರೋದು ಕಮ್ಮಿ, ಬಿಲ್ಲು ಮಾತ್ರ ಜೋರಾಗಿ ಬರುತ್ತದೆ.

ಇಳಿದ ಮೇಲೆ ಇ-ಸಿಮ್ ಸಿಗ್ನಲ್ ತೋರಿಸಿ ಇಂಟರ್ನೆಟ್ ಬರದಿದ್ದರೆ ಗಾಬರಿ ಬೇಡ. ಅದೂ ಅಲ್ಲಿ ಹೆಚ್ಚಾಗಿ ರೋಮಿಂಗ್‌ನಲ್ಲೇ ಇರುತ್ತದೆ. ಹಾಗಾಗಿ ಇ-ಸಿಮ್ಮಿನ ಡೇಟಾ ರೋಮಿಂಗ್ ಆನ್ ಮಾಡು, ಹಳೇ ಸಿಮ್ಮಿನದು ಆಫ್ ಇದೆಯಾ ಅಂತ ಇನ್ನೊಮ್ಮೆ ನೋಡು. ಇಐಡಿ ಬಂತೋ ಇಲ್ಲವೋ ಇವತ್ತೇ ತಿಳಿಸು.

ಇತಿ,
ನಿನ್ನ ಮಾವ