ಕೂರಿಸಿ ನೋಡಿದರೆ ಸಿಗದ ಕಾಯಿಲೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಚಿಕೂನ್‌ಗುನ್ಯಾ, ಡೆಂಗಿ, ಕೋವಿಡ್, ಮಲೆನಾಡಿನ ಮಂಗನ ಕಾಯಿಲೆ ಹೀಗೆ ಯಾವುದೋ ಒಂದು ಜ್ವರ ಬಂದು ಹೋಗಿ, ತಿಂಗಳುಗಳಾದರೂ ಸುಸ್ತು ಬಿಡದವರು ರಾಜ್ಯದ ಉದ್ದಗಲಕ್ಕೂ ಇದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಅವರು ಹೇಳುವುದು ಹೆಚ್ಚುಕಡಿಮೆ ಒಂದೇ: ನಿಂತರೆ ಎದೆ ಡವಡವ ಅನ್ನುತ್ತದೆ, ಕಣ್ಣು ಕತ್ತಲೆ ಬರುತ್ತದೆ, ತಲೆ ಮಂಕು, ಅಂಗಾಲು ಉರಿ, ಸ್ನಾನ ಮಾಡಿ ಬಂದರೆ ಮಲಗಲೇಬೇಕು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಿಪಿ ನೋಡುತ್ತಾರೆ, ನಾರ್ಮಲ್. ಇಸಿಜಿಯೂ ನಾರ್ಮಲ್. ಚೀಟಿಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ, ಬಿ ಕಾಂಪ್ಲೆಕ್ಸ್, ಮೇಲೊಂದು ‘ಟೆನ್ಷನ್ ಮಾಡ್ಕೋಬೇಡಿ’.

ನಮ್ಮ ಮುಖ್ಯ ಕೋರಿಕೆ ಇದು. ಜ್ವರದ ನಂತರ ಮೂರು ತಿಂಗಳು ಕಳೆದರೂ ಸುಸ್ತು ಎನ್ನುವ ಪ್ರತಿಯೊಬ್ಬರ ನಾಡಿ ಮತ್ತು ಬಿಪಿಯನ್ನು ಮೊದಲು ಮಲಗಿಸಿ, ನಂತರ ಹತ್ತು ನಿಮಿಷ ನಿಲ್ಲಿಸಿ ನಿಮಿಷಕ್ಕೊಮ್ಮೆ ನೋಡಬೇಕೆಂದು ಇಲಾಖೆ ಸುತ್ತೋಲೆ ಹೊರಡಿಸಲಿ.

ಕಾರಣ ಸರಳ. ಎದ್ದು ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿರುವ ಒತ್ತಡದ ಸಂವೇದಕಗಳು ಅದನ್ನು ಗುರುತಿಸಿ ಮಿದುಳಿಗೆ ತಿಳಿಸುತ್ತವೆ; ಮಿದುಳು ಸ್ವನಿಯಂತ್ರಿತ ನರಗಳ ಮೂಲಕ ಕಾಲಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ವೈರಸ್ ಜ್ವರದ ನಂತರ ಕೆಲವರಲ್ಲಿ ಈ ಬಿಗಿತ ಬರುವುದಿಲ್ಲ, ಇನ್ನು ಕೆಲವರಲ್ಲಿ ರಕ್ತದ ಒಟ್ಟು ಪ್ರಮಾಣವೇ ಕಡಿಮೆಯಾಗಿರುತ್ತದೆ. ಆಗ ಬಿಪಿ ಬೀಳದಂತೆ ನೋಡಿಕೊಳ್ಳಲು ಹೃದಯ ಓಡತೊಡಗುತ್ತದೆ. ನಿಂತಾಗ ನಾಡಿ ಅತಿಯಾಗಿ ಏರುವ ಈ ತೊಂದರೆಗೆ ಪಾಟ್ಸ್ (POTS) ಎನ್ನುತ್ತಾರೆ. ಮಲಗಿದರೆ ನಾಡಿ ಇಳಿಯುತ್ತದೆ, ನಿಂತರೆ ಏರುತ್ತದೆ. ಗಾಬರಿಯಿಂದ ಬರುವ ಎದೆಬಡಿತ ಹೀಗೆ ಭಂಗಿಯನ್ನು ಹಿಂಬಾಲಿಸುವುದಿಲ್ಲ. ಈ ವ್ಯತ್ಯಾಸ ಕುರ್ಚಿಯಲ್ಲಿ ಕಾಣುವುದೂ ಇಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಮಂಚ, ಒಂದು ಗೋಡೆ, ಬಿಪಿ ಉಪಕರಣ, ಗಡಿಯಾರ, ಪಕ್ಕದಲ್ಲಿ ನಿಲ್ಲಲು ಒಬ್ಬರು. ರೋಗಿ ಹತ್ತು ನಿಮಿಷ ಮಾತಾಡದೆ ಅಂಗಾತ ಮಲಗಲಿ. ಕೊನೆಯಲ್ಲಿ ಎರಡು ಸಲ ನಾಡಿ, ಬಿಪಿ ಬರೆದುಕೊಳ್ಳಿ. ನಂತರ ಹಿಮ್ಮಡಿ ಗೋಡೆಯಿಂದ 15 ಸೆಂಟಿಮೀಟರ್ ಮುಂದಿರುವಂತೆ, ಭುಜ ಮಾತ್ರ ಗೋಡೆಗೆ ಒರಗುವಂತೆ ನಿಲ್ಲಿಸಿ. ಹತ್ತು ನಿಮಿಷ, ನಿಮಿಷಕ್ಕೊಂದು ದಾಖಲೆ. ಬಿಪಿ ಬೀಳದೆ ನಾಡಿ ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 ಬಡಿತ ಅಥವಾ ಹೆಚ್ಚು ಏರಿ ಹಾಗೇ ಉಳಿದರೆ ಪಾಟ್ಸ್ ಇರಬಹುದು. 12ರಿಂದ 19 ವರ್ಷದವರಲ್ಲಿ ಈ ಮಿತಿ 40. ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಬೇರೆ ತೊಂದರೆ. ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ನೋಡಬೇಕು. ಬೀಳುವಂತಾದರೆ ಕೂಡಲೇ ಮಲಗಿಸಬೇಕು, ಹತ್ತು ನಿಮಿಷ ತುಂಬಿಸುವ ಹಟ ಬೇಡ.

ಪರೀಕ್ಷೆ ಕೆಡುವುದು ಸಣ್ಣಪುಟ್ಟ ಕಡೆ. ನಿಂತಾಗ ತೋಳು ಜೋತುಬಿದ್ದಿದ್ದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳನ್ನು ಎದೆಯ ಮಟ್ಟದಲ್ಲಿ ಹಿಡಿದುಕೊಳ್ಳಬೇಕು. ರೋಗಿ ಕಾಲು ಬದಲಿಸುತ್ತ ನಿಂತರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸೀತು, ಆಗ ಮಣಿಕಟ್ಟಿನಲ್ಲಿ 30 ಸೆಕೆಂಡ್ ಎಣಿಸುವುದೇ ಮೇಲು. ಮಧ್ಯಾಹ್ನ ಮಾಡಿದರೆ ಎಷ್ಟೋ ಸಲ ತಪ್ಪಿಹೋಗುತ್ತದೆ, ಬೆಳಿಗ್ಗೆಯೇ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಡ್ರಿಪ್ ಹಾಕಿದ ಮೇಲೆ ಮಾಡಬಾರದು. ನಮ್ಮಲ್ಲಿ ಸುಸ್ತು ಎಂದವರಿಗೆ ಮೊದಲು ಏರಿಸುವುದೇ ಒಂದು ಬಾಟಲಿ. ಸಲೈನ್ ರಕ್ತದ ಪ್ರಮಾಣ ಹೆಚ್ಚಿಸುವುದರಿಂದ ಕೆಲವು ಗಂಟೆ ಹಾಯೆನಿಸುತ್ತದೆ, ಪರೀಕ್ಷೆಯೂ ನಾರ್ಮಲ್ ಬರಬಹುದು. ‘ಗ್ಲೂಕೋಸ್ ಹಾಕಿಸ್ಕೊಂಡ್ರೆ ಎರಡು ದಿನ ಪರವಾಗಿಲ್ಲ’ ಎಂದು ರೋಗಿ ಹೇಳಿದರೆ ಆ ಮಾತನ್ನು ತಳ್ಳಿಹಾಕದೆ ಸುಳಿವೆಂದು ಚೀಟಿಯಲ್ಲಿ ಬರೆಯಬೇಕು.

ರಕ್ತಹೀನತೆ, ಥೈರಾಯ್ಡ್, ಗರ್ಭ, ನಿರ್ಜಲೀಕರಣ ಇವೂ ನಾಡಿ ಏರಿಸುತ್ತವೆ. ಹಾಗಾಗಿ ಹಿಮೋಗ್ಲೋಬಿನ್, ಟಿಎಸ್‌ಎಚ್, ಸಕ್ಕರೆ, ಕ್ರಿಯಾಟಿನಿನ್, ಇಸಿಜಿ ನೋಡದೆ ಪಾಟ್ಸ್ ಎಂದು ಬರೆಯುವಂತಿಲ್ಲ. ನಾಡಿ, ಬಿಪಿ ಎರಡೂ ಸರಿಯಿದ್ದು ಮಿದುಳಿಗೆ ಹೋಗುವ ರಕ್ತ ಮಾತ್ರ ಕಡಿಮೆಯಾಗುವವರೂ ಇದ್ದಾರೆ. ಅದಕ್ಕೇ ಪ್ರತಿ ನಿಮಿಷ ರೋಗಿಗೆ ಏನನಿಸುತ್ತಿದೆ ಎಂಬುದಕ್ಕೂ ಹಾಳೆಯಲ್ಲೊಂದು ಕಾಲಂ ಇರಲಿ. ಅಂಗಾಲು ಉರಿಯ ವಿಷಯದಲ್ಲಿಯೂ ಇಂಥದೇ ಎಡವಟ್ಟು. ನರಗಳ ಸಾಮಾನ್ಯ ಪರೀಕ್ಷೆ ದಪ್ಪ ನರಗಳನ್ನಷ್ಟೇ ಅಳೆಯುತ್ತದೆ, ಉರಿ ಹುಟ್ಟಿಸುವ ಸಣ್ಣ ನಾರುಗಳು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಪಾದದ ಹರಡಿನ (ಕಾಲಿನ ಗಂಟಿನ) ಮೇಲ್ಭಾಗದಿಂದ 3 ಮಿಲಿಮೀಟರ್ ಚರ್ಮ ತೆಗೆದು ನೋಡಬೇಕಾಗುತ್ತದೆ.

ಪತ್ತೆಯಾದ ಮೇಲೆ ಮಾಡಬಹುದಾದದ್ದು ಬಹಳಷ್ಟಿದೆ. ಹಾಸಿಗೆಯಿಂದ ಏಳುವ ಮೊದಲೇ ಅರ್ಧ ಲೀಟರ್ ನೀರು, ದಿನಕ್ಕೆ 2ರಿಂದ 3 ಲೀಟರ್. ಬಿಪಿ ಹೆಚ್ಚಿಲ್ಲದ, ಮೂತ್ರಪಿಂಡ ಮತ್ತು ಹೃದಯ ಸರಿಯಿರುವವರಿಗೆ ವೈದ್ಯರ ಸಲಹೆಯಂತೆ ಹೆಚ್ಚುವರಿ ಉಪ್ಪು. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಸಾಕಾಗುತ್ತದೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ 2.6 ಗ್ರಾಂ ಉಪ್ಪಿರುತ್ತದೆ, ಆದರೆ 13.5 ಗ್ರಾಂ ಗ್ಲೂಕೋಸೂ ಇರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಎಚ್ಚರ ಬೇಕು. ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಒತ್ತುಚೀಲ (ಕಂಪ್ರೆಷನ್ ಸ್ಟಾಕಿಂಗ್) ಮೊಣಕಾಲಿನವರೆಗೆ ಬಂದರೆ ಸಾಲದು, ತೊಡೆ ಮತ್ತು ಹೊಟ್ಟೆಯವರೆಗೆ ಬೇಕು. ಔಷಧಗಳಲ್ಲಿ ಹೃದಯಬಡಿತ ಇಳಿಸುವ ಪ್ರೊಪ್ರನೊಲಾಲ್ ಕಡಿಮೆ ಪ್ರಮಾಣದಲ್ಲಿ, 10ರಿಂದ 20 ಮಿಲಿಗ್ರಾಂ. ಅಸ್ತಮಾ ಇದ್ದವರಿಗೆ ಬೇಡ. ರಕ್ತನಾಳ ಬಿಗಿಗೊಳಿಸುವ ಮಿಡೊಡ್ರಿನ್ ಕೊಟ್ಟರೆ ಕೊನೆಯ ಡೋಸ್ ಮಲಗುವ ನಾಲ್ಕು ಗಂಟೆ ಮೊದಲೇ ಮುಗಿದಿರಬೇಕು, ಇಲ್ಲವಾದರೆ ಮಲಗಿದಾಗ ಬಿಪಿ ಏರುತ್ತದೆ.

ಒಂದು ಸಲಹೆಯನ್ನಂತೂ ದಯವಿಟ್ಟು ನಿಲ್ಲಿಸಬೇಕು: ‘ದಿನಾ ವಾಕಿಂಗ್ ಮಾಡಿ, ಸ್ವಲ್ಪಸ್ವಲ್ಪ ಹೆಚ್ಚಿಸುತ್ತ ಹೋಗಿ.’ ಶ್ರಮಪಟ್ಟ 12ರಿಂದ 48 ಗಂಟೆಗಳ ನಂತರ ಎಲ್ಲ ಲಕ್ಷಣಗಳೂ ಉಲ್ಬಣಿಸಿ ಹಾಸಿಗೆ ಹಿಡಿಸುವುದೇ ಎಂಇ (ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್, ಹೆಚ್ಚಾಗಿ ಸೋಂಕಿನ ನಂತರ ಬರುವ ದೀರ್ಘಕಾಲದ ಸುಸ್ತಿನ) ಕಾಯಿಲೆಯ ಗುರುತು. ಈ ಗುರುತು ಇದ್ದವರಿಗೆ ಏರಿಕೆಯ ವ್ಯಾಯಾಮ ಕೊಡಬಾರದೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲೇ ಮಾರ್ಗಸೂಚಿ ಬದಲಿಸಿತು. ನಮ್ಮ ಫಿಸಿಯೋಥೆರಪಿ ವಿಭಾಗಗಳಿಗೆ ಅದಿನ್ನೂ ಸರಿಯಾಗಿ ತಲುಪಿಲ್ಲ, ಇದು ನಮಗೆ ನಿಜಕ್ಕೂ ನೋವಿನ ಸಂಗತಿ. ವ್ಯಾಯಾಮ ಹೇಳುವ ಮುನ್ನ ‘ಕೆಲಸ ಮಾಡಿದ ಮಾರನೆಯ ದಿನ ಹೇಗಿರುತ್ತೀರಿ?’ ಎಂದು ಕೇಳಲಿ. ಗೋಡೆ ಪರೀಕ್ಷೆಯೂ ಇಂಥವರನ್ನು ಒಂದೆರಡು ದಿನ ಮಲಗಿಸಬಹುದು. ಮುಂಚೆಯೇ ತಿಳಿಸಿ, ಕರೆದೊಯ್ಯಲು ಮನೆಯವರು ಬಂದಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಒಪಿಡಿ ಸಾಲಿನಲ್ಲಿ ಒಂದು ಗಂಟೆ ನಿಲ್ಲಿಸಿ ಆಮೇಲೆ ಪರೀಕ್ಷಿಸುವುದು ಸಲ್ಲದು.

ಹೊಸ ಯೋಜನೆ ಬೇಕಿಲ್ಲ. ನಿಮ್ಹಾನ್ಸ್ ಜೊತೆ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಡಿ ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳಿಗೆ ವೈದ್ಯರಿಗೆ ತರಬೇತಿ ಕೊಡಲಾಗಿದೆ. ಅದಕ್ಕೇ ಈ ಗೋಡೆ ಪರೀಕ್ಷೆಯೊಂದನ್ನು ಸೇರಿಸಿ. ಸ್ವನಿಯಂತ್ರಿತ ನರಗಳ ಪರೀಕ್ಷೆಗೆ ನಿಮ್ಹಾನ್ಸ್‌ನಲ್ಲಿ ಲ್ಯಾಬ್ ಇದೆ. ಗೋಡೆ ಪರೀಕ್ಷೆಯ ಹಾಳೆ ಜೊತೆಗಿದ್ದರೆ ಯಾರನ್ನು ಅಲ್ಲಿಗೆ ಕಳಿಸಬೇಕೆಂದು ತಾಲ್ಲೂಕಿನಲ್ಲೇ ತೀರ್ಮಾನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಎಂಇ ಕಾಯಿಲೆಯನ್ನು ನರಮಂಡಲದ ಕಾಯಿಲೆಗಳಲ್ಲಿಯೇ ಸೇರಿಸಿದೆ. ಆಸ್ಪತ್ರೆಯ ದಾಖಲೆಯಲ್ಲಿ ‘ಸುಸ್ತು’ ಎಂದು ಬಿಡದೆ ಅದರ ಅಂತರರಾಷ್ಟ್ರೀಯ ರೋಗಸಂಕೇತವಾದ ಜಿ93.3 ಹಾಕಿಸಿ, ಆಗಲಾದರೂ ರಾಜ್ಯದಲ್ಲಿ ಎಷ್ಟು ಜನರಿದ್ದಾರೆಂಬ ಲೆಕ್ಕ ಸಿಕ್ಕೀತು.

ಕೊನೆಯದಾಗಿ, ವೈದ್ಯರ ಚೀಟಿಯಲ್ಲಿ ‘ಕುಳಿತು ಕೆಲಸ ಮಾಡಲು ಅವಕಾಶ ಕೊಡಿ’ ಎಂಬ ಸಾಲಿಗೆ ಮಾನ್ಯತೆ ಬೇಕು. ಗಾರ್ಮೆಂಟ್ಸ್‌ನ ಚೆಕಿಂಗ್ ಟೇಬಲ್ಲಿನ ಮುಂದೆ ಇಡೀ ದಿನ ನಿಲ್ಲುವ ಹೆಣ್ಣುಮಗಳಿಗೂ, ಬೋರ್ಡಿನ ಮುಂದಿರುವ ಶಿಕ್ಷಕರಿಗೂ, ಪ್ರಾರ್ಥನೆಯ ಸಾಲಿನಲ್ಲಿ ಕುಸಿಯುವ ಹೈಸ್ಕೂಲು ಮಕ್ಕಳಿಗೂ ಒಂದು ಸ್ಟೂಲು ಸಿಗಬೇಕು. ಕಾರ್ಮಿಕ ಮತ್ತು ಶಿಕ್ಷಣ ಇಲಾಖೆಗಳಿಗೆ ನಿಮ್ಮ ಕಚೇರಿಯಿಂದ ಒಂದು ಪತ್ರ ಹೋಗಲಿ. ಪರೀಕ್ಷೆಯ ಹಾಳೆಯ ಕನ್ನಡ ಕರಡನ್ನು ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಜ್ವರದ ನಂತರದ ಸುಸ್ತಿನ ರೋಗಿಗಳ ಆರೈಕೆಯಲ್ಲಿರುವ ನರ್ಸ್‌ಗಳು ಹಾಗೂ ಫಿಸಿಯೋಥೆರಪಿಸ್ಟ್‌ಗಳು